ಅಜ್ಜಿಯ ಲ್ಯಾಪ್‌ಟಾಪಿಗೆ ಮೂರನೇ ಲಿನಕ್ಸ್

"ಹುಷಾರು, ಕೀನೇ ಕಿತ್ಕೊಂಡು ಬಂದೀತು," ಎಂದ ಮಾಮ.

ಮೆಣಸು ಮೆಲ್ಲಗೆ ಕೆರೆಯುತ್ತಲೇ ಇದ್ದಳು. ಅವಳ ಉಗುರು ಆಗಲೇ ನೋಯುತ್ತಿತ್ತು. ಲ್ಯಾಪ್‌ಟಾಪಿನ ಕೀಗಳ ಮೇಲೆ ಅಂಟಿಸಿದ್ದ ಕನ್ನಡ ಅಕ್ಷರಗಳ ಸ್ಟಿಕರುಗಳನ್ನು ಒಂದೊಂದಾಗಿ ಎಬ್ಬಿಸಿ, ಹರಿಯದಂತೆ ಎಳೆದು, ಮೇಜಿನ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದಳು. 'ಕ' ಪೂರ್ತಿ ಬಂತು. 'ಪ' ಅರ್ಧ ಬಂದು ಅರ್ಧ ಅಲ್ಲೇ ಉಳಿಯಿತು. ಇದು ಮೂರನೇ ಸಲ. ಮೊದಲ ಸಲ ಅಂಟಿಸುವಾಗ ಖುಷಿಯಿತ್ತು, ಎರಡನೇ ಸಲ ಬೇಜಾರಿತ್ತು, ಈಗ ಬೇಜಾರು ಮಾಡಿಕೊಳ್ಳುವುದಕ್ಕೂ ಬೇಜಾರು.

ಮೆಣಸು ಅನ್ನುವುದು ಅವಳ ಶಾಲೆಯ ಹೆಸರಲ್ಲ. ಹುಟ್ಟಿದಾಗ ಕಾಳುಮೆಣಸಿನಷ್ಟೇ ಇದ್ದಳಂತೆ, ಅದಕ್ಕೆ ಅಜ್ಜಿ ಹಾಗೆ ಕರೆದಳು. ಆಮೇಲೆ ನಾಲಿಗೆಯೂ ಹೆಸರಿಗೆ ತಕ್ಕಂತೆ ಬೆಳೆಯಿತು. ಈಗ ಮನೆಯಲ್ಲಿ ಬೇರೆ ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಮೇಜಿನ ಆ ಬದಿಯಲ್ಲಿ ಮಾಮ, ಈ ಬದಿಯಲ್ಲಿ ಅಕ್ಕ, ನಡುವೆ ಲ್ಯಾಪ್‌ಟಾಪು. ಸ್ಕ್ರೀನಿನ ಮೇಲೆ ಬಿಳಿ ಅಕ್ಷರಗಳು ಸರಸರ ಓಡುತ್ತಿದ್ದವು. ಹೊಸ ಲಿನಕ್ಸ್ ಇನ್‌ಸ್ಟಾಲ್ ಆಗುತ್ತಿತ್ತು.

"ನಾನು ಹಾಕಿದ್ದ ಫೆಡೋರಾಗೆ ಏನಾಗಿತ್ತು ಮಾಮ?" ಎಂದಳು ಅಕ್ಕ. "ಚೆನ್ನಾಗೇ ಓಡ್ತಿತ್ತು. ಎಲ್ಲಾ ಲೇಟೆಸ್ಟು."

"ಹೊಸದು ಹೊಸದು ಅಂತ ಕುಣಿದ್ರೆ ಆಯ್ತಾ? ಡೆಬಿಯನ್ ಅಂದ್ರೆ ಬಂಡೆ. ಒಂದ್ಸಲ ಹಾಕಿಟ್ರೆ ವರ್ಷಗಟ್ಟಲೆ ಅಲ್ಲಾಡಲ್ಲ."

"ಅಲ್ಲಾಡಲ್ಲ, ನಿಜ. ನಿದ್ದೆ ಹೊಡೀತಿರುತ್ತಲ್ಲ."

"ಬಾಯಿ ನೋಡು ಇವಳದು," ಎಂದು ಮಾಮ ನಕ್ಕ. ಅಕ್ಕನೂ ನಕ್ಕಳು. ಈ ಜಗಳ ಅಂದರೆ ಇಬ್ಬರಿಗೂ ಅಷ್ಟು ಇಷ್ಟ. ಜಗಳವಿಲ್ಲದ ದಿನ ಇಬ್ಬರ ಮುಖವೂ ಸಪ್ಪಗಿರುತ್ತಿತ್ತು.

ಮಾಮ ಅಜ್ಜಿಯ ಮಗ, ಲೈಬ್ರರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಅಕ್ಕ ಕಾಲೇಜಿನಲ್ಲಿ ಕಂಪ್ಯೂಟರನ್ನೇ ಓದುತ್ತಾಳೆ. ಲಿನಕ್ಸ್ ಅಂದರೆ ಇಬ್ಬರಿಗೂ ಊಟ ನಿದ್ದೆ ಬೇಡ. ಅದೇನು ಅಂತ ಮೆಣಸು ಒಮ್ಮೆ ಕೇಳಿದ್ದಳು, ಯಾಕಾದರೂ ಕೇಳಿದೆನಪ್ಪಾ ಅನ್ನಿಸುವಷ್ಟು ಹೊತ್ತು ಕೂತು ಕೇಳಿಸಿಕೊಂಡಿದ್ದಳು. ಅಷ್ಟರಲ್ಲಿ ಅವಳ ತಲೆಗೆ ಹೋದದ್ದು ಇಷ್ಟು. ಅಪ್ಪ ಅಮ್ಮ ಕೆಲಸ ಮಾಡುವ ಬೇಕರಿಯಲ್ಲಿ ಹಿಟ್ಟು ಒಂದೇ. ಅದರಲ್ಲೇ ಉದ್ದ ಬ್ರೆಡ್ಡು, ಗುಂಡು ಬ್ರೆಡ್ಡು, ಬನ್ನು ಅಂತ ಬೇರೆ ಬೇರೆ ಮಾಡುತ್ತಾರೆ. ಲಿನಕ್ಸೂ ಹಾಗೇ. ಕಂಪ್ಯೂಟರನ್ನು ನಡೆಸುವ ಹಿಟ್ಟು ಅದು. ಅದನ್ನೇ ಬೇರೆ ಬೇರೆ ಜನ ತಮಗೆ ಬೇಕಾದ ಹಾಗೆ ನಾದಿ, ಬೇಯಿಸಿ, ಮಿಂಟ್, ಫೆಡೋರಾ, ಡೆಬಿಯನ್ ಅಂತ ಹೆಸರಿಟ್ಟು ಹಂಚುತ್ತಾರೆ. ಒಳಗೆ ಏನೇನು ಹಾಕಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು, ಬದಲಾಯಿಸಬಹುದು, ಪಕ್ಕದ ಮನೆಯವರಿಗೂ ಕೊಡಬಹುದು.

"ಅದಕ್ಕೇ ಇದನ್ನ ಸ್ವತಂತ್ರ ಅನ್ನೋದು," ಎನ್ನುತ್ತಾನೆ ಮಾಮ, ಪ್ರತಿ ಸಲವೂ ತೋರುಬೆರಳೆತ್ತಿ. "ಆಯ್ಕೆ ನಮ್ಮದು."

ಯಾವ ಬ್ರೆಡ್ಡು ಒಳ್ಳೆಯದು ಅನ್ನುವುದರಲ್ಲೇ ಮನೆಯಲ್ಲಿ ರಾಮಾಯಣ. ಅದೂ ಹೋಗಲಿ, ಲ್ಯಾಪ್‌ಟಾಪು ಇಬ್ಬರದೂ ಅಲ್ಲ. ಅಜ್ಜಿಯದು.

ಅಜ್ಜಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಅಜ್ಜಿ ಬಸ್ ಕಂಡಕ್ಟರಾಗಿದ್ದವಳು. ಅವಳು "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಕೂಗಿದರೆ ಬಸ್ಸಿನಲ್ಲಿದ್ದವರಷ್ಟೇ ಅಲ್ಲ, ಫುಟ್‌ಪಾತಿನ ಮೇಲೆ ನಿಂತವರೂ ಮುಂದೆ ಹೋಗುತ್ತಿದ್ದರಂತೆ. ಮನೆಗೆ ಯಾರು ಬಂದರೂ ಅಮ್ಮ ಈ ಮಾತು ಹೇಳದೆ ಬಿಡುವುದಿಲ್ಲ. ಕಳೆದ ಚಳಿಗಾಲದಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ಹೊರಳದಾಯಿತು. ತಲೆ ಮಾತ್ರ ಮೊದಲಿನ ಹಾಗೇ ಚುರುಕು. "ಟೈಪ್ ಮಾಡಿದ್ದನ್ನ ಓದಿ ಹೇಳೋ ಕಂಪ್ಯೂಟರ್ ಇದ್ರೆ ಒಳ್ಳೇದು," ಅಂದರು ಡಾಕ್ಟರು. ಲೈಬ್ರರಿಯಲ್ಲಿ ಬೇಡವೆಂದು ಬದಿಗಿಟ್ಟಿದ್ದ ಹಳೇ ಲ್ಯಾಪ್‌ಟಾಪನ್ನು ಮಾಮ ಕೇಳಿ ತಂದ. ಅಜ್ಜಿ ಎಡಗೈಯ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ. ಕೊನೆಗೆ ಎಂಟರ್ ಒತ್ತಿದರೆ ಲ್ಯಾಪ್‌ಟಾಪು ಅದನ್ನು ಗಟ್ಟಿಯಾಗಿ ಹೇಳುತ್ತದೆ.

ಅಪ್ಪ ಅಮ್ಮನ ಪಾಳಿ ಮುಗಿಯುವುದು ಕತ್ತಲಾದ ಮೇಲೆ. ಸಂಜೆಯೆಲ್ಲ ಅಜ್ಜಿಯ ಜೊತೆ ಇರುವವಳು ಮೆಣಸು. ಹಾಗಾಗಿ ಅಜ್ಜಿಯ ಮಾತು ಅವಳಿಗೆ ಅರ್ಧದಲ್ಲೇ ಗೊತ್ತಾಗುತ್ತಿತ್ತು. ಅಜ್ಜಿ 'ನೀ' ಎಂದು ಒತ್ತುವಷ್ಟರಲ್ಲಿ ಮೆಣಸು ನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು. ಪಕ್ಕದ ಮನೆಯವರು ಬಂದು "ಹೇಗಿದ್ದೀರಿ?" ಅಂದರೆ, ಅಜ್ಜಿಯ ಬೆರಳು ಮೊದಲ ಅಕ್ಷರ ಹುಡುಕುವ ಮುಂಚೆಯೇ, "ಅಜ್ಜಿ ಚೆನ್ನಾಗಿದ್ದಾರೆ. ನಿನ್ನೆ ಸ್ವಲ್ಪ ಮಂಡಿ ನೋವಿತ್ತು, ಈಗ ಇಲ್ಲ," ಅನ್ನುತ್ತಿದ್ದಳು.

"ಅಜ್ಜಿಗೆ ನೀನೇ ಬಾಯಿ ಕಣೇ," ಎಂದು ಎಲ್ಲರೂ ಹೊಗಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಮೆಣಸಿಗೆ ಒಳಗೊಳಗೇ ಹೆಮ್ಮೆ.

ಮೊದಲು ಮಾಮ ಮಿಂಟ್ ಹಾಕಿದ್ದ. ಯಾವ ಕೀಯಲ್ಲಿ ಯಾವ ಅಕ್ಷರ ಅಂತ ಅವನು ಹೇಳಿದ ಹಾಗೆ ಮೆಣಸು ಸ್ಟಿಕರ್ ಅಂಟಿಸಿದಳು. ಅಜ್ಜಿ ಒದ್ದಾಡಿ ಒದ್ದಾಡಿ ಕಲಿತಳು. ಇನ್ನೇನು ಬೆರಳು ತಾನಾಗಿ ಓಡುತ್ತದೆ ಅನ್ನುವಾಗ ಅಕ್ಕನಿಗೆ "ಇದು ತೀರಾ ಹಳೇದು" ಅನ್ನಿಸಿತು. ಅವಳು ಫೆಡೋರಾ ಹಾಕಿದಳು. "ಇದು ಈಸಿ" ಎಂದು ಅಕ್ಷರಗಳ ಜಾಗವನ್ನೂ ಬದಲಾಯಿಸಿದಳು. ಜೊತೆಗೆ ಒಂದು ಚೆಂದದ ಹೆಂಗಸಿನ ದನಿ ತಂದಳು, ಟಿವಿಯಲ್ಲಿ ನ್ಯೂಸ್ ಓದುವವರ ಥರದ್ದು. ಅಜ್ಜಿ ಮತ್ತೆ ಮೊದಲಿನಿಂದ ಕಲಿತಳು. ಈಗ ಮಾಮನ ಸರದಿ.

"ಆ ದನಿ ಯಾವುದೋ ಕಂಪನಿಯದು," ಎನ್ನುತ್ತಿದ್ದ ಮಾಮ. "ಅಮ್ಮ ಟೈಪ್ ಮಾಡಿದ ಒಂದೊಂದು ಮಾತೂ ಇಂಟರ್‌ನೆಟ್ಟಲ್ಲಿ ಅವರ ಹತ್ರ ಹೋಗಿ, ಅಲ್ಲಿಂದ ದನಿಯಾಗಿ ವಾಪಸ್ ಬರುತ್ತೆ. ಮನೆ ಒಳಗಿನ ಮಾತು ಊರೆಲ್ಲ ಸುತ್ಕೊಂಡು ಬಂದ ಹಾಗೆ. ಅದನ್ನ ಇಟ್ಕೊಂಡು ಅವರು ಏನು ಮಾಡ್ತಾರೋ ಯಾರಿಗೆ ಗೊತ್ತು?"

"ಅಜ್ಜಿ ಬ್ರೆಡ್ಡು ಗಟ್ಟಿಯಾಗಿದೆ ಅಂದಿದ್ದನ್ನ ಕೇಳಿ ಅವರೇನು ಮಾಡ್ಕೋತಾರೆ ಮಾಮ?" ಎಂದಳು ಅಕ್ಕ.

"ಪ್ರಶ್ನೆ ಬ್ರೆಡ್ಡಿಂದಲ್ಲ. ನಾಳೆ ಆ ಕಂಪನಿ ಆ ದನಿ ನಿಲ್ಲಿಸಿಬಿಟ್ರೆ? ಅಮ್ಮನ ದನಿನೇ ಹೋಯ್ತಲ್ಲ."

"ಅವರು ನಾಳೆ ಮಾಡೋದನ್ನ ನೀನು ಇವತ್ತೇ ಮಾಡ್ತಿದ್ದೀಯಲ್ಲ."

ಮಾಮ ಬಾಯಿ ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪು ಟುಂಯ್ ಎಂದಿತು. ಡೆಬಿಯನ್ ಬಂದು ಕೂತಿತ್ತು.

ಮೆಣಸು ಮಾಮ ಹೇಳಿದ ಹಾಗೆ ಸ್ಟಿಕರುಗಳನ್ನು ಹೊಸ ಜಾಗಗಳಿಗೆ ಅಂಟಿಸಿದಳು. ಅಂಟು ಸವೆದುಹೋಗಿ ಕೆಲವು ನಿಲ್ಲಲೇ ಇಲ್ಲ. ಅವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತಳು. ಎಲ್ಲ ಮುಗಿದ ಮೇಲೆ ಮಾಮ ಲ್ಯಾಪ್‌ಟಾಪನ್ನು ಎತ್ತಿ ಅಜ್ಜಿಯ ಕುರ್ಚಿಯ ಮುಂದಿನ ಹಲಗೆಯ ಮೇಲಿಟ್ಟ.

"ಅಮ್ಮ, ಏನಾದ್ರೂ ಹೇಳು ನೋಡೋಣ."

ಅಜ್ಜಿಯ ಬೆರಳು ಕೀಗಳ ಮೇಲೆ ನಿಂತಿತು. ಒಂದು ಕಡೆ ಹೋಗಿ ವಾಪಸ್ ಬಂತು. ರೂಢಿಯ ಮೇಲೆ ಒಂದು ಕೀ ಒತ್ತಿದಳು, ಬೇರೆ ಯಾವುದೋ ಅಕ್ಷರ ಬಂತು. ಅಳಿಸಿದಳು. ಇನ್ನೊಂದು ಒತ್ತಿದಳು, ಅದೂ ತಪ್ಪು. ಹಾಗೇ ಎಂಟರ್ ಒತ್ತಿಬಿಟ್ಟಳು. ಡಬ್ಬದೊಳಗೆ ಕೂತ ಗಂಡಸೊಬ್ಬ ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ ಲ್ಯಾಪ್‌ಟಾಪು ಅರ್ಥವಿಲ್ಲದ್ದನ್ನು ಏನೋ ಹೇಳಿತು.

"ಅಭ್ಯಾಸ ಆಗುತ್ತೆ ಅಮ್ಮ," ಎಂದ ಮಾಮ. "ಈ ದನಿ ಪೂರ್ತಿ ಸ್ವತಂತ್ರ. ಇದನ್ನ ಯಾರೂ ನಿನ್ನಿಂದ ಕಿತ್ಕೊಳ್ಳೋಕಾಗಲ್ಲ."

ಅಜ್ಜಿ ಮಾಮನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಆಮೇಲೆ ಎಡಗೈಯಿಂದ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ಕಿಟಕಿಯ ಕಡೆ ತಿರುಗಿದಳು.

"ಅಜ್ಜಿಗೆ ಈ ದನಿ ಇಷ್ಟ ಆಗ್ಲಿಲ್ಲ," ಎಂದಳು ಮೆಣಸು.

*

ಮರುದಿನ ಗಣಿತದ ಪೀರಿಯಡ್ಡಿನಲ್ಲಿ ಮೆಣಸು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಕಣ್ಣು ಎಳೆಯುತ್ತಿತ್ತು. ಬೆರಳ ತುದಿಗಳಲ್ಲಿ ಇನ್ನೂ ಅಂಟು. ಪೆನ್ಸಿಲು ಕೈಯಿಂದ ಬಿಡಿಸಿಕೊಳ್ಳುವುದೇ ಒಂದು ಕೆಲಸವಾಗಿತ್ತು.

"ಶುಕ್ರವಾರ ನಿಮ್ಮ ಅಜ್ಜಿ ಅಲ್ವಾ?" ಎಂದರು ಟೀಚರು, ಹತ್ತಿರವೇ ಬಂದು ನಿಂತು. ಮೆಣಸು ಬೆಚ್ಚಿ ನೆಟ್ಟಗಾದಳು.

ಪ್ರತಿ ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಯಾರಾದರೂ ಒಬ್ಬರ ಮನೆಯಿಂದ ದೊಡ್ಡವರು ಬಂದು ತಮ್ಮ ಕೆಲಸದ ಬಗ್ಗೆ ಹೇಳುತ್ತಾರೆ. ಕಳೆದ ವಾರ ಪಕ್ಕದ ಬೆಂಚಿನವಳ ಅಪ್ಪ ಬಂದಿದ್ದರು. ಅವರು ಪ್ಲಂಬರು. ನಲ್ಲಿಯೊಂದನ್ನು ತಂದು ಬಿಚ್ಚಿ ತೋರಿಸಿದರು. ಕ್ಲಾಸೆಲ್ಲ ಚಪ್ಪಾಳೆ ಹೊಡೆಯಿತು. ಪಕ್ಕದ ಬೆಂಚಿನವಳ ಮುಖ ಅವತ್ತು ನೋಡಬೇಕಿತ್ತು. "ಮುಂದಿನ ವಾರ ಯಾರು?" ಎಂದು ಟೀಚರು ಕೇಳಿದ್ದೇ ತಡ, ಮೆಣಸು ಕೈ ಎತ್ತಿದ್ದಳು. "ನಮ್ಮ ಅಜ್ಜಿ ಬರ್ತಾರೆ ಟೀಚರ್. ಬಸ್ ಕಂಡಕ್ಟರ್ ಆಗಿದ್ರು. ಈಗ ಕಂಪ್ಯೂಟರಲ್ಲಿ ಮಾತಾಡ್ತಾರೆ." ಹಿಂದಿನ ಬೆಂಚಿನವರೆಗೂ ಎಲ್ಲರೂ ಓ ಎಂದಿದ್ದರು.

"ಬರ್ತಾರೆ ತಾನೆ?" ಎಂದರು ಟೀಚರು ಈಗ.

"ಬರ್ತಾರೆ ಟೀಚರ್."

"ನಿಮ್ಮಜ್ಜಿ ರೋಬೋ ಥರ ಮಾತಾಡ್ತಾರಾ?" ಎಂದು ಪಕ್ಕದ ಬೆಂಚಿನವಳು ಪಿಸುಗುಟ್ಟಿದಳು.

"ಇಲ್ಲಪ್ಪ. ನ್ಯೂಸ್ ಓದೋರ ಥರ, ಚೆನ್ನಾಗಿ." ಹೇಳುವುದು ಹೇಳಿಬಿಟ್ಟಳು, ಆಮೇಲೆ ನೆನಪಾಯಿತು. ನ್ಯೂಸ್ ಓದುವವಳು ನಿನ್ನೆಯೇ ಗಂಟುಮೂಟೆ ಕಟ್ಟಿದ್ದಳಲ್ಲ. ಡಬ್ಬದೊಳಗಿನ ಗಂಡಸು ಕ್ಲಾಸಿಗೆ ಬಂದು ಕೊರಕೊರ ಅಂದರೆ ಹಿಂದಿನ ಬೆಂಚಿನವರು ಸುಮ್ಮನಿರುತ್ತಾರೆಯೇ? ಅಜ್ಜಿಯ ಎದುರಿಗೇ ನಕ್ಕುಬಿಟ್ಟರೆ?

ಅಜ್ಜಿಗೆ ವಿಷಯ ಹೇಳುವುದೊಂದು ಇನ್ನೂ ಬಾಕಿಯಿತ್ತು. ಅದರ ಬಗ್ಗೆ ಮೆಣಸು ತಲೆ ಕೆಡಿಸಿಕೊಂಡಿರಲಿಲ್ಲ. ಅಜ್ಜಿ ಬೇಡ ಅನ್ನುವವಳೇ ಅಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಅಂತ ಮೆಣಸಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು.

*

ಆ ಸಂಜೆ ಅಜ್ಜಿ ಲ್ಯಾಪ್‌ಟಾಪು ತೆರೆಯಲಿಲ್ಲ. ಮರುದಿನ ಸಂಜೆಯೂ ಇಲ್ಲ. ಅದು ಹಲಗೆಯ ಮೇಲೆ ಮುಚ್ಚಿಕೊಂಡೇ ಇತ್ತು.

ಅಜ್ಜಿ ಎಡಗೈ ಎತ್ತಿ ಗೋಡೆಯ ಕಡೆ ತೋರಿಸಿದಳು. ಮೆಣಸು ಫ್ಯಾನ್ ಹಾಕಿದಳು. ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು. ಮೆಣಸು ಫ್ಯಾನ್ ಆರಿಸಿ ಲೈಟ್ ಹಾಕಿದಳು. ಅದೂ ಅಲ್ಲ. ಕ್ಯಾಲೆಂಡರ್ ತಂದುಕೊಟ್ಟಳು. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಇರಲಿ ಬಿಡು ಅನ್ನುವ ಹಾಗೆ ಕಣ್ಣು ಮುಚ್ಚಿದಳು.

"ಲ್ಯಾಪ್‌ಟಾಪ್ ತೆಗೀಲಾ ಅಜ್ಜಿ?"

ಅಜ್ಜಿ ಬೇಡವೆಂದು ಕೈಯಾಡಿಸಿದಳು.

ಬೇಕರಿಯಿಂದ ಬಂದ ಅಮ್ಮ ಕೈಗೆ ಅಂಟಿದ್ದ ಹಿಟ್ಟು ತೊಳೆಯುತ್ತ, "ಅಜ್ಜಿ ಏನಾದ್ರೂ ಮಾತಾಡಿದ್ಲಾ?" ಎಂದಳು.

"ಇಲ್ಲ."

ಅಮ್ಮ ನಲ್ಲಿ ನಿಲ್ಲಿಸಿದಳು. ದಿನವೆಲ್ಲ ಒಲೆಯ ಮುಂದೆ ನಿಂತು ಅವಳ ಕೆನ್ನೆ ಕೆಂಪಗಾಗಿತ್ತು. "ನಾಳೆ ಮಾತಾಡ್ತಾಳೆ ಬಿಡು," ಎಂದು ಟವೆಲಿಗೆ ಕೈ ಒರೆಸಿಕೊಂಡಳು. ಆದರೆ ಅದನ್ನು ಅವಳೇ ನಂಬಿದ ಹಾಗೆ ಕಾಣಲಿಲ್ಲ.

ಮೆಣಸಿಗೆ ಅಳು ಬಂತು. ಅಜ್ಜಿ ಇಷ್ಟು ದಿನ ಕಷ್ಟಪಟ್ಟು ಒಂದೊಂದೇ ಅಕ್ಷರ ಹೆಕ್ಕಿ ಮಾತು ಕಲಿತಿದ್ದಳು. ಈಗ ಆ ಮಾತೂ ನಿಂತುಹೋದರೆ ಅಜ್ಜಿ ಕಿಟಕಿಯ ಪಕ್ಕದಲ್ಲಿ ಹೀಗೇ ಸುಮ್ಮನೆ ಕೂತುಬಿಡುತ್ತಾಳೆ. ಆಮೇಲೆ ಅವಳಿಗೆ ಏನು ಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬುಧವಾರ ಸಂಜೆ ಮಾಮ ಜೇಬಿನಲ್ಲಿ ಪೆನ್ ಡ್ರೈವ್ ಹಾಕಿಕೊಂಡು ಬಂದ. ಅಕ್ಕನೂ ಕಾಲೇಜಿನ ಬ್ಯಾಗು ಇಳಿಸುವ ಮುಂಚೆಯೇ ತನ್ನದನ್ನು ತೆಗೆದಳು.

"ಇನ್ನೊಂದು ಫ್ರೀ ದನಿ ಸಿಕ್ಕಿದೆ," ಎಂದ ಮಾಮ. "ಮೊದಲಿನದಕ್ಕಿಂತ ಎಷ್ಟೋ ವಾಸಿ. ಸ್ವಲ್ಪ ಕೀರಲು, ಅಷ್ಟೇ."

"ಅದಕ್ಕಿಂತ ಎರಡೂ ಲಿನಕ್ಸ್ ಹಾಕಿಡೋಣ ಮಾಮ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತೆ. ಬೇಕಾದ್ದು ಆರಿಸ್ಕೋಬಹುದು."

"ಎರಡಕ್ಕೂ ಜಾಗ ಎಲ್ಲಿದೆ ಅದರಲ್ಲಿ? ಹಳೇ ಡಿಸ್ಕು. ಅಲ್ಲದೆ ಒಂದ್ಸಲ ಆ ಕಂಪನಿ ದನಿ ಒಳಗೆ ಬಿಟ್ರೆ..."

"ಮತ್ತೆ ಶುರು ಮಾಡ್ಬೇಡ ಮಾಮ. ನಿಂಗೆ ತತ್ವ ಮುಖ್ಯ, ಅಜ್ಜಿ ಅಲ್ಲ."

"ನಿಂಗೆ ಫ್ಯಾಷನ್ ಮುಖ್ಯ."

ಈ ಸಲ ಇಬ್ಬರೂ ನಗುತ್ತಿರಲಿಲ್ಲ.

"ಸಾಕು," ಎಂದಳು ಮೆಣಸು. ಕೂಗಲಿಲ್ಲ, ಕೂಗುವಷ್ಟು ತ್ರಾಣ ಇರಲಿಲ್ಲ. "ಆಯ್ಕೆ ನಮ್ಮದು, ಆಯ್ಕೆ ನಮ್ಮದು ಅಂತೀಯಲ್ಲ ಮಾಮ, ಅಜ್ಜಿನ ಒಂದ್ಸಲನಾದ್ರೂ ಕೇಳಿದ್ಯಾ? ನೀನು ಕೇಳಿದ್ಯಾ ಅಕ್ಕ? ನೀವು ಹಾಕೋದು, ತೆಗೆಯೋದು. ಸ್ಟಿಕರ್ ಅಂಟಿಸೋದು ನಾನು, ಮೊದಲಿಂದ ಕಲಿಯೋದು ಅಜ್ಜಿ. ಲ್ಯಾಪ್‌ಟಾಪ್ ಯಾರದು?"

ಮಾಮ ತನ್ನ ಕೈಯಲ್ಲಿದ್ದ ಪೆನ್ ಡ್ರೈವನ್ನು ತಿರುಗಿಸಿ ತಿರುಗಿಸಿ ನೋಡಿದ. ಅಕ್ಕ ತುಟಿ ಕಚ್ಚಿಕೊಂಡಳು.

"ಒಂದ್ಸಲ ಕೇಳಿದ ನೆನಪು," ಎಂದಳು ಮೆಲ್ಲಗೆ. "ಇರ್ಲಿಕ್ಕಿಲ್ಲ."

ಮೆಣಸಿಗೆ ಧೈರ್ಯ ಬಂತು. "ಅಜ್ಜಿಗೆ ಆ ಹೆಂಗಸಿನ ದನಿನೇ ಇಷ್ಟ. ನಾಡಿದ್ದು ಶುಕ್ರವಾರ ಅಜ್ಜಿ ನಮ್ಮ ಕ್ಲಾಸಿಗೆ ಬಂದು ಮಾತಾಡ್ಬೇಕು. ಬಸ್ಸಲ್ಲಿ ಕೂಗ್ತಿದ್ದಿದ್ದೆಲ್ಲ ಹೇಳ್ಬೇಕು. ಟೀಚರಿಗೆ ಹೇಳಿಯಾಗಿದೆ. ಈ ಡಬ್ಬದ ದನೀಲಿ ಹೇಳಿದ್ರೆ ಎಲ್ಲರೂ ನಗ್ತಾರೆ. ಅದಕ್ಕೇ ಅಜ್ಜಿ ಬೇಜಾರಾಗಿ ಮಾತು ಬಿಟ್ಟಿರೋದು. ಅಲ್ವಾ ಅಜ್ಜಿ?"

ಅಜ್ಜಿ ಕಿಟಕಿಯಿಂದ ಈ ಕಡೆ ತಿರುಗಿದ್ದಳು. ಕೈ ಚಾಚಿ ಹಲಗೆಯನ್ನು ಹತ್ತಿರ ಎಳೆದುಕೊಂಡಳು. ಲ್ಯಾಪ್‌ಟಾಪು ತೆರೆಯಿತು.

ಮೂವರೂ ಓಡಿಬಂದು ಸ್ಕ್ರೀನಿನ ಸುತ್ತ ಬಾಗಿ ನಿಂತರು. ಅಜ್ಜಿಯ ಬೆರಳು ಹುಡುಕಿತು, ಒತ್ತಿತು. ಸ್ಕ್ರೀನಿನ ಮೇಲೆ 'ಯಾ' ಎಂದು ಬಂತು.

"ಯಾವುದಾದ್ರೂ ಸರಿ ಅಂತಿದ್ದಾಳೆ," ಎಂದ ಮಾಮ.

"ಅಲ್ಲ, ಯಾವುದೂ ಸರಿ ಇಲ್ಲ ಅಂತ," ಎಂದಳು ಅಕ್ಕ.

"ಯಾಕೆ ಬದಲಾಯಿಸಿದ್ರಿ ಅಂತ ಕೇಳ್ತಿದ್ದಾಳೆ," ಎಂದಳು ಮೆಣಸು. "ನಂಗೆ ಗೊತ್ತಿಲ್ವಾ?"

ಅಜ್ಜಿಯ ಬೆರಳು ನಿಂತಿತು. ಅವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೂವರನ್ನೂ ಸರದಿಯಲ್ಲಿ ನೋಡಿದಳು. ಎಲ್ಲರೂ ಸುಮ್ಮನಾಗುವ ತನಕ ನೋಡಿದಳು. ಆಮೇಲೆ ಮತ್ತೆ ಕೈ ಎತ್ತಿ, ಒಂದೊಂದೇ ಅಕ್ಷರ ಒತ್ತಿ, ಎಂಟರ್ ಒತ್ತಿದಳು.

"ಯಾರು ನಾನು ಬರ್ತೀನಿ ಅಂದಿದ್ದು," ಎಂದಿತು ಡಬ್ಬದ ದನಿ.

"ಎಲ್ಲಿಗೆ?" ಎಂದ ಮಾಮ, ತಲೆಬುಡ ತಿಳಿಯದೆ.

ಮೆಣಸಿಗೆ ತಿಳಿಯಿತು. ಅವಳ ಕಿವಿಗಳು ಬಿಸಿಯಾದವು.

"ಟೀಚರಿಗೆ ನಾನೇ ಹೇಳ್ದೆ ಅಜ್ಜಿ. ನೀನು... ನೀನು ಬರ್ತೀಯ ಅಂತ ನಾನು ಅಂದ್ಕೊಂಡೆ."

ಅಜ್ಜಿ ಮತ್ತೆ ಒತ್ತತೊಡಗಿದಳು. ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ. ತುಂಬ ಹೊತ್ತು ಹಿಡಿಯಿತು.

"ನನ್ನ ಕೇಳಿದ್ಯಾ," ಎಂದಿತು ದನಿ.

ಆ ದನಿಗೆ ಕೋಪ ಮಾಡಲು ಬರುವುದಿಲ್ಲ, ನಗಲೂ ಬರುವುದಿಲ್ಲ. ಹಾಗಾಗಿ ಮೆಣಸು ಅಜ್ಜಿಯ ಮುಖ ನೋಡಿದಳು. ಅಲ್ಲೂ ಕೋಪ ಇರಲಿಲ್ಲ. ಅಜ್ಜಿ ದಣಿದಿದ್ದಳು. ಇದೇ ಮಾತನ್ನು ಈಗಷ್ಟೇ ಮಾಮನ ಮೇಲೆ, ಅಕ್ಕನ ಮೇಲೆ ಎಷ್ಟು ಜೋರಾಗಿ ಎಸೆದಿದ್ದೆ ಅಂತ ನೆನಪಾಗಿ ಮೆಣಸಿಗೆ ಎಲ್ಲಿ ನೋಡಬೇಕೆಂದೇ ಗೊತ್ತಾಗಲಿಲ್ಲ.

ಮಾಮ ಕುರ್ಚಿಯ ಪಕ್ಕ ನೆಲದ ಮೇಲೇ ಕೂತ. "ಅಮ್ಮ, ನೀನೇ ಹೇಳು. ಮಿಂಟಾ, ಫೆಡೋರಾನಾ, ಇದಾ? ನೀನು ಹೇಳಿದ್ದೇ ಇರ್ಲಿ. ಆ ಕಂಪನಿ ದನಿ ಬೇಕು ಅಂದ್ರೆ ಅದನ್ನೂ ಹಾಕ್ತೀನಿ." ಕೊನೆಯ ಮಾತು ಹೇಳಲು ಅವನಿಗೆ ಬಹಳ ಕಷ್ಟವಾಯಿತು.

ಅಜ್ಜಿ ಒತ್ತಿದಳು. "ಇದೇ ಇರ್ಲಿ."

ಮಾಮನ ಮುಖ ಅರಳಿತು. "ನೋಡು," ಎಂದ ಅಕ್ಕನ ಕಡೆ ತಿರುಗಿ. "ಅಮ್ಮಂಗೆ ಸ್ವಾತಂತ್ರ್ಯದ ಬೆಲೆ ಗೊತ್ತು."

ಅಜ್ಜಿಯ ಬೆರಳು ಇನ್ನೂ ಕೀಗಳ ಮೇಲೇ ಇತ್ತು. ಎರಡು ಸಲ ತಪ್ಪಿತು, ಎರಡು ಸಲ ಅಳಿಸಿದಳು.

"ಸುಸ್ತಾಗಿದೆ," ಎಂದಿತು ದನಿ. "ಇನ್ನು ಮುಟ್ಟಬೇಡಿ."

ಅಕ್ಕನಿಗೆ ನಗು ಬಂತು. ಮಾಮನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಮಾಮ ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡ. "ಸರಿ ಅಮ್ಮ," ಎಂದ. "ಮುಟ್ಟಲ್ಲ." ಅಜ್ಜಿ ಎಡಗೈಯನ್ನು ಅವನ ತಲೆಯ ಮೇಲಿಟ್ಟಳು.

ಮಾಮನೂ ಅಕ್ಕನೂ ಅಡುಗೆಮನೆಗೆ ಹೋದ ಮೇಲೆ ಮೆಣಸು ಕುರ್ಚಿಯ ಹತ್ತಿರ ಬಂದಳು.

"ಶುಕ್ರವಾರ ನಮ್ಮ ಕ್ಲಾಸಿಗೆ ಬರ್ತೀಯಾ ಅಜ್ಜಿ?"

ಉತ್ತರ ಬೇಗ ಬಂತು. "ಇಲ್ಲ."

*

"ಅಜ್ಜಿಗೆ ಹುಷಾರಿಲ್ವಾ?" ಎಂದರು ಟೀಚರು ಮರುದಿನ.

ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೆಣಸಿನ ನಾಲಿಗೆ ಇಂಥ ಹೊತ್ತಿನಲ್ಲಿ ಎಂದೂ ತಡವರಿಸಿದ್ದಿಲ್ಲ. ಇವತ್ತು ತಡವರಿಸಿತು.

"ಹುಷಾರಾಗೇ ಇದ್ದಾರೆ ಟೀಚರ್. ನಾನು ಅವರನ್ನ ಕೇಳದೇನೇ ಹೇಳಿಬಿಟ್ಟಿದ್ದೆ. ನಿನ್ನೆ ಕೇಳ್ದೆ. ಇಲ್ಲ ಅಂದ್ರು."

ಟೀಚರು ಗಣಿತದ ಪುಸ್ತಕ ಕೈಗೆತ್ತಿಕೊಂಡರು. "ಸರಿ, ಕೂತ್ಕೋ. ಹಾಗಾದ್ರೆ ಶುಕ್ರವಾರ ಭಿನ್ನರಾಶಿ ಮುಗಿಸಿಬಿಡೋಣ."

ಕ್ಲಾಸೆಲ್ಲ ಅಯ್ಯೋ ಎಂದಿತು. ಪಕ್ಕದ ಬೆಂಚಿನವಳು ಮೊಣಕೈಯಿಂದ ತಿವಿದಳು. ಹಿಂದಿನ ಬೆಂಚಿನಿಂದ ರಬ್ಬರಿನ ಚೂರೊಂದು ಬಂದು ಮೆಣಸಿನ ಬೆನ್ನಿಗೆ ಬಿತ್ತು. ತಿರುಗಿ ನೋಡುವಷ್ಟೂ ಉತ್ಸಾಹ ಅವಳಲ್ಲಿ ಇರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಎಂದಿನಂತೆ ಕುರ್ಚಿಯಲ್ಲಿದ್ದಳು. ಮೆಣಸು ಬ್ಯಾಗು ಮೂಲೆಗೆ ಬಿಸಾಕಿ, ಅಜ್ಜಿಯ ಕಾಲ ಹತ್ತಿರ ನೆಲದ ಮೇಲೆ ಕೂತಳು. ಕೂತರೆ ಏಳಲಾಗದಷ್ಟು ಸುಸ್ತು.

"ಟೀಚರಿಗೆ ಹೇಳ್ದೆ ಅಜ್ಜಿ, ನೀನು ಬರಲ್ಲ ಅಂತ."

ಅಜ್ಜಿ ಅವಳ ಕೂದಲು ಸರಿಮಾಡಿದಳು. ಆಮೇಲೆ ಯಾರೂ ಹೇಳದೆ, ಯಾರೂ ಕೇಳದೆ, ತಾನೇ ಲ್ಯಾಪ್‌ಟಾಪು ತೆರೆದಳು.

ಕೀಗಳ ಟಕ್ ಟಕ್ ಶುರುವಾಯಿತು. ನಡುವೆ ದೊಡ್ಡ ದೊಡ್ಡ ಬಿಡುವು. ಎದ್ದು ನಿಂತು ಸ್ಕ್ರೀನಿನಲ್ಲಿ ಇಣುಕಬೇಕು ಅಂತ ಮೆಣಸಿನ ಕಾಲು ತುಡಿಯುತ್ತಿತ್ತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು.

"ಬಸ್ಸಲ್ಲಿ ನಂಗೆ ಏನು ಇಷ್ಟ ಗೊತ್ತಾ," ಎಂದಿತು ಡಬ್ಬದ ದನಿ.

ಗೊತ್ತಿಲ್ಲದೆ ಏನು? ಕೂಗುವುದು. ಅಮ್ಮ ಎಷ್ಟು ಸಲ ಹೇಳಿಲ್ಲ? ಮಾತು ಮೆಣಸಿನ ನಾಲಿಗೆಯ ತುದಿಗೇ ಬಂದಿತ್ತು, ಬಾಯಿಯೂ ತೆರೆದಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

"ಗೊತ್ತಿಲ್ಲ," ಎಂದಳು.

ಅಜ್ಜಿಯ ಬೆರಳು ಹುಡುಕಿತು, ಒತ್ತಿತು, ತಪ್ಪಿತು, ಅಳಿಸಿತು. ರಸ್ತೆಯಲ್ಲಿ ಯಾರೋ ಅಂಗಡಿಯ ಶಟರ್ ಎಳೆದರು. ಎದುರು ಮನೆಯ ಲೈಟು ಹತ್ತಿತು. ಮೆಣಸಿಗೆ ತೂಕಡಿಕೆ ಬಂದು ಹೋಯಿತು, ಮತ್ತೆ ಬಂತು. ಟಕ್ ಟಕ್ ಇನ್ನೂ ಮುಗಿದಿರಲಿಲ್ಲ. ಕಡೆಗೊಮ್ಮೆ ಎಂಟರ್ ಬಿತ್ತು.

"ಕೊನೇ ಟ್ರಿಪ್ಪು. ಬಸ್ಸು ಪೂರ್ತಿ ಖಾಲಿ. ಯಾರಿಗೂ ಏನೂ ಹೇಳ್ಬೇಕಾಗಿರಲಿಲ್ಲ. ಡಿಪೋ ಬರೋ ತನಕ ಹಿಂದಿನ ಸೀಟಲ್ಲಿ ಸುಮ್ನೆ ಕೂತಿರ್ತಿದ್ದೆ. ಅದು ಇಷ್ಟ."

ಮೆಣಸು ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಈ ಅಜ್ಜಿ ಅವಳಿಗೆ ಗೊತ್ತೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಯಾರನ್ನೂ ಕರೆಯದೆ, ಯಾರಿಗೂ ಉತ್ತರ ಕೊಡದೆ ಹೋಗುತ್ತಿದ್ದ ಒಬ್ಬ ಕಂಡಕ್ಟರು. ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ, ಮಾಮನಿಗೂ ಇಲ್ಲ. ಇಷ್ಟು ದಿನ ಅಜ್ಜಿ ಒಂದೆರಡು ಅಕ್ಷರ ಒತ್ತಿ, ಮೆಣಸು ಹೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿ ಬಿಟ್ಟ ಮಾತುಗಳಲ್ಲಿ ಇಂಥವು ಎಷ್ಟಿದ್ದವೋ ಏನೋ.

ಅದನ್ನು ಕೇಳಬೇಕು ಅನ್ನಿಸಿತು. ಆದರೆ ಅಜ್ಜಿಯ ಬೆರಳು ಮತ್ತೆ ಮೊದಲ ಅಕ್ಷರ ಹುಡುಕುತ್ತಿತ್ತು. ಮೆಣಸು ಸ್ಕ್ರೀನಿನ ಕಡೆ ನೋಡದೆ ಗೋಡೆಗೆ ಒರಗಿ ಕೂತು ಕಾದಳು.